ಹನ್ನೆರಡನೆಯವಳು

"ಗುರುಗಳೇ, ಎಚ್‌ಐವಿ ಬಾರದಂತೆ ತಡೆಯುವ ಗುಳಿಗೆ ಇದೆ. ಪುಕ್ಕಟೆ ಕೊಡುತ್ತೇವೆ. ಆದರೂ ಸಿದ್ದಿ ಹೆಂಗಸರು ಯಾಕೆ ಬಂದು ತೆಗೆದುಕೊಳ್ಳುವುದಿಲ್ಲ?" ಎಂದು ಶಿಷ್ಯ ಕೇಳಿದ.

ಗುರು ಮುಪ್ಪಿನ ವೈದ್ಯರು. ಶಿಷ್ಯ ಅವರಲ್ಲಿ ಕಲಿತು ಆರೋಗ್ಯ ಅಧಿಕಾರಿಯಾದವನು. ತಾನು ಬರೆದ ವರದಿಯನ್ನು ಅವರ ಮುಂದೆ ಇಟ್ಟಿದ್ದ. ಮುಖಪುಟದಲ್ಲಿ ಸಿದ್ದಿ ಹೆಂಗಸರು ಸೊಪ್ಪಿನ ಲಂಗ ಉಟ್ಟು ಕುಣಿಯುವ ಬಣ್ಣದ ಫೋಟೊ ಇತ್ತು. ಒಳಗೆ 'ಇವರಲ್ಲಿ ಅರಿವಿನ ಕೊರತೆ ಇದೆ' ಎಂಬ ಮಾತು ಏಳು ಕಡೆ ಇತ್ತು. ಗುರು ಏಳನ್ನೂ ಓದಿ ಕನ್ನಡಕ ತೆಗೆದಿಟ್ಟರು. "ಅರಿವಂತೆ ಅರಿವು! ಕೂತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಬ್ಬ ಸಿದ್ದಿ ಹೆಂಗಸು ಇದ್ದಳು. ಅವಳ ಗಂಡ ದೂರದ ಬಂದರಿನಲ್ಲಿ ದುಡಿಯುತ್ತಿದ್ದ. ಅಲ್ಲಿ ಅವನಿಗೆ ಎಚ್‌ಐವಿ ತಗುಲಿತು. ಚಿಕಿತ್ಸೆ ಶುರುವಾಯಿತು, ಅವನು ಊರಿಗೆ ಮರಳಿದ. ಹೆಂಡತಿಯ ರಕ್ತ ಪರೀಕ್ಷಿಸಿದರು. ಅವಳಿಗೆ ಏನೂ ಇರಲಿಲ್ಲ. "ಔಷಧಿಯಿಂದ ಅವನ ರೋಗ ಹಿಡಿತಕ್ಕೆ ಬರುವವರೆಗೆ ನೀನು ದಿನಕ್ಕೊಂದು ಗುಳಿಗೆ ನುಂಗು, ನಿನಗೆ ತಗುಲುವುದಿಲ್ಲ" ಎಂದು ಒಬ್ಬ ನರ್ಸ್ ಹೇಳಿಕೊಟ್ಟಳು. ಅರಿವು ಎಂದರೆ ಇಷ್ಟೇ ತಾನೇ? ಅದು ಅವಳಿಗೆ ಅಂದೇ ಬಂತು.

ಅವಳು ಎರಡು ಗಂಟೆ ನಡೆದು, ಬಸ್ಸು ಹಿಡಿದು ಆಸ್ಪತ್ರೆಗೆ ಬಂದಳು. ಗುಮಾಸ್ತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ನಿಂಗೆ ರೋಗಾನೇ ಇಲ್ಲ ಅಂದ್ಮೇಲೆ ಗುಳಿಗೆ ಯಾಕವ್ವ?"

"ಇಲ್ಲಾಂತನೇ ಬಂದೀನ್ರೀ. ಬರದಂಗ ಕೊಡ್ರಿ."

ಗುಮಾಸ್ತ ಪಟ್ಟಿ ತಿರುವಿದ. ಅದರಲ್ಲಿ ಮೈ ಮಾರುವವರಿಗೆ ಒಂದು ಕಾಲಂ ಇತ್ತು. ಗಂಡನ ಜೊತೆ ಬಾಳುವವಳಿಗೆ ಇರಲಿಲ್ಲ. ಬುಧವಾರ ದೊಡ್ಡ ಡಾಕ್ಟರು ಬರುತ್ತಾರೆ, ಆಗ ಬಾ ಎಂದು ಕಳಿಸಿದ.

ಬುಧವಾರ ಅಲ್ಲಿ ಜಾಗೃತಿ ಶಿಬಿರ. ಉದ್ಘಾಟನೆಗೆ ಸಿದ್ದಿಗಳ ಕುಣಿತ ಇಟ್ಟಿದ್ದರು. ಸಿದ್ದಿಗಳು ಎಲ್ಲಿ ಕಂಡರೂ ಕುಣಿಸಬೇಕು, ನಮ್ಮ ಅಧಿಕಾರಿಗಳಿಗೆ ಅದೊಂದು ಚಟ. ಆದೇಶದಲ್ಲಿ ಹನ್ನೆರಡು ಜನ ಎಂದಿತ್ತು, ಬಂದವರು ಹನ್ನೊಂದು. ಅಷ್ಟರಲ್ಲಿ ಇವಳು ಗೇಟಿನೊಳಗೆ ಕಾಲಿಟ್ಟಳು. ಕಪ್ಪು ಬಣ್ಣ, ಗುಂಗುರು ಕೂದಲು. "ಬಂದಳು ಹನ್ನೆರಡನೆಯವಳು!" ಎಂದು ಒಬ್ಬ ಅಧಿಕಾರಿ ಸೊಪ್ಪಿನ ಲಂಗ ಕೈಗಿತ್ತ.

ಅವಳು ಗುಳಿಗೆಗೆ ಬಂದೆ ಎಂದಳು. ಮೊದಲು ಕುಣಿ, ಆಮೇಲೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದ. ಅವಳಿಗೆ ಕುಣಿತ ಬರುತ್ತಿತ್ತು, ಆದರೆ ಅದು ಅವಳ ಮನೆಯ ಹಬ್ಬದ ಕುಣಿತ, ಸೊಪ್ಪು ಉಟ್ಟು ಕುಣಿಯುವುದಲ್ಲ. ಆದರೂ ಉಟ್ಟಳು. ಕುಣಿದಳು. ಫೋಟೊ ತೆಗೆದರು. ಕುಣಿತ ಮುಗಿಯುವಷ್ಟರಲ್ಲಿ ಡಾಕ್ಟರು ಹಾರ ಹಾಕಿಸಿಕೊಂಡು, ಅರಿವಿನ ಬಗ್ಗೆ ಮಾತಾಡಿ, ಹೊರಟುಹೋಗಿದ್ದರು.

ಶಿಷ್ಯ ಕುರ್ಚಿಯಲ್ಲಿ ಮಿಸುಕಾಡಿದ. "ಅವಳು ಸ್ವಲ್ಪ ಗಟ್ಟಿಯಾಗಿ ಹೇಳಬೇಕಿತ್ತು, ಗುರುಗಳೇ. ಗದ್ದಲದಲ್ಲಿ ಯಾರಿಗೆ ಕೇಳಿಸುತ್ತದೆ?"

"ಗದ್ದಲ ಎಬ್ಬಿಸಿದವರು ಯಾರಪ್ಪ?" ಎಂದರು ಗುರು. ಅವರ ದನಿ ಏರಿತ್ತು.

ಅವಳು ಮೂರನೆಯ ಸಲವೂ ಬಂದಳು. ಆಗ ಗುಳಿಗೆಯ ಡಬ್ಬಿಗಳೇ ಇರಲಿಲ್ಲ. ಕೇಳುವವರಿಲ್ಲ ಎಂದು ಷರಾ ಬರೆದು ಜಿಲ್ಲೆಗೆ ವಾಪಸು ಕಳಿಸಿದ್ದರು. ನಾಲ್ಕನೆಯ ಸಲ ಅವಳು ಬರಲಿಲ್ಲ. ನಾನಾಗಿದ್ದರೂ ಬರುತ್ತಿರಲಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ರಕ್ತ ಪರೀಕ್ಷೆಯಾಯಿತು. ಈ ಸಲ ಅವಳಿಗೂ ಇತ್ತು. ಈಗ ತಿಂಗಳು ತಿಂಗಳು ತಪ್ಪದೆ ಔಷಧಿ ಕೊಡುತ್ತಾರೆ. ನೀನು ಯಾವ ಕಾಲಮ್ಮಿನವಳು ಎಂದು ಯಾರೂ ಕೇಳುವುದಿಲ್ಲ. ಜೀವಕ್ಕೆ ಭಯವಿಲ್ಲ, ಆದರೆ ಸಾಯುವವರೆಗೆ ನುಂಗಬೇಕು. ಕೆಲವೇ ತಿಂಗಳ ಗುಳಿಗೆಯಲ್ಲಿ ಮುಗಿಯುತ್ತಿದ್ದ ಕೆಲಸ ಅದು.

ಕತೆ ಅಲ್ಲಿಗೆ ನಿಂತಿತು. "ಅವಳು ಯಾವ ಊರಿನವಳು, ಗುರುಗಳೇ? ಹೆಸರೇನು?" ಎಂದು ಶಿಷ್ಯ ಮೆಲ್ಲಗೆ ಕೇಳಿದ.

ಗುರು ವರದಿಯನ್ನು ಮುಚ್ಚಿ, ಮುಖಪುಟ ಮೇಲೆ ಮಾಡಿ, ಅವನ ಕಡೆ ತಳ್ಳಿದರು.

"ಇಲ್ಲಿ ಹನ್ನೆರಡು ಜನ ಇದ್ದಾರೆ, ಗುಳಿಗೆ ಕೇಳಲು ಬಂದವಳು ಯಾರು, ನೀನೇ ತೋರಿಸು."