ಕಳ್ಳ ಕುಡಿ

ಇದು ನಡೆದದ್ದು ಮಾಘಮಾಸದ ಒಂದು ಗುರುವಾರ.

ಹೊಳೆಯ ಈಚೆ ದಂಡೆಯಲ್ಲಿ ಒಂದು ಆಶ್ರಮ. ಆಚೆ ದಂಡೆಯಲ್ಲಿ ಪೇಟೆ. ನಡುವೆ ಹಳೆಯ ಸೇತುವೆ.

ಆಶ್ರಮದ ಗುರು ಒಬ್ಬ ವೃದ್ಧೆ. ಅವರನ್ನು ಎಲ್ಲರೂ ಅಮ್ಮನವರು ಎಂದು ಕರೆಯುತ್ತಿದ್ದರು. ಅವರು ಹೆಚ್ಚು ಮಾತಾಡುತ್ತಿರಲಿಲ್ಲ.

ಅಲ್ಲಿ ಒಂದು ಪದ್ಧತಿಯಿತ್ತು. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಶಿಷ್ಯನೊಬ್ಬನು ಅಂದಿನ ಪತ್ರಿಕೆಯನ್ನು ಗಟ್ಟಿಯಾಗಿ ಓದಬೇಕು. ಅದರಲ್ಲಿ ಕಂಡ ಯಾರಾದರೊಬ್ಬರನ್ನು ಆರಿಸಬೇಕು. ಮಧ್ಯಾಹ್ನದ ಪಂಕ್ತಿಯಲ್ಲಿ ಅವರ ಹೆಸರಿನಲ್ಲಿ ಒಂದು ಎಲೆಯನ್ನು ಹೆಚ್ಚಾಗಿ ಹಾಕುತ್ತಿದ್ದರು. ಆ ಎಲೆಯಲ್ಲಿ ದಾರಿಹೋಕರು ಯಾರಾದರೂ ಉಣ್ಣುತ್ತಿದ್ದರು.

ಆ ವರ್ಷ ಓದುವ ಸರದಿ ಪ್ರಸನ್ನನದು.

ಪ್ರಸನ್ನನು ಉತ್ತರದವನು, ಕೃಷ್ಣಾ ತೀರದ ಹಳ್ಳಿಯವನು. ಮನೆಯಲ್ಲಿ ಇಟ್ಟ ಹೆಸರು ಫಕೀರಪ್ಪ. ಬಂದ ಹೊಸದರಲ್ಲಿ ಅವನು ಬಾಯಿ ತೆರೆದರೆ ಉಳಿದವರು ನಗುತ್ತಿದ್ದರು. ಅವನು ಮಾತನ್ನು ಬದಲಿಸಿಕೊಂಡನು. ಹೆಸರನ್ನೂ ಬದಲಿಸಿಕೊಂಡನು. ಈಗ ಅವನು ಆಡಿದ್ದೆಲ್ಲ ಅಚ್ಚುಹಾಕಿದಂತೆ ಇರುತ್ತಿತ್ತು.

ಆ ಗುರುವಾರ ಅವನು ಪತ್ರಿಕೆಯನ್ನು ಬಿಚ್ಚಲಿಲ್ಲ.

“ಅಮ್ಮಾ, ಒಂದು ವಿಜ್ಞಾಪನೆ. ಪತ್ರಿಕಾವಾಚನವನ್ನು ನಿಲ್ಲಿಸಲು ಅಪ್ಪಣೆಯಾಗಬೇಕು.”

“ಯಾಕೆ?”

“ಇದರಲ್ಲಿರುವುದು ಕೊಲೆ, ಕಳವು, ಚುನಾವಣೆ. ಓದಿ ಓದಿ ನನ್ನ ಮನಸ್ಸು ರಾಡಿಯಾಗಿದೆ. ಇದರ ಬದಲು ಗ್ರಂಥವನ್ನು ಓದುತ್ತೇನೆ.”

ಕೆಂಪಣ್ಣ ಎಂಬ ಇನ್ನೊಬ್ಬ ಶಿಷ್ಯನು ಮೂಲೆಯಲ್ಲಿ ಕುಳಿತು ಬಾಳೆಲೆ ಒರೆಸುತ್ತಿದ್ದನು. ಅಡುಗೆಯ ಕೆಲಸ ಅವನದು.

“ಗ್ರಂಥದಲ್ಲಿ ಕ್ರಿಕೆಟ್ ಬರೋದಿಲ್ಲವಲ್ಲ, ಪ್ರಸನ್ನಣ್ಣ,” ಎಂದನು. “ನಮ್ಮಂಥವರ ಗತಿ?”

ಅಮ್ಮನವರು ನಗಲಿಲ್ಲ.

“ಇವತ್ತಿನದು ಓದು,” ಎಂದರು. “ಇದರಲ್ಲಿ ಏನೂ ಸಿಗದಿದ್ದರೆ ನಾಳೆಯಿಂದ ನಿಲ್ಲಿಸು.”

ಪ್ರಸನ್ನನು ಓದಿದನು. ನಾಳೆಯಿಂದ ಇದಿಲ್ಲ ಎಂಬ ಭರವಸೆಯಲ್ಲಿ ಬೇಗ ಬೇಗ ಓದಿದನು. ಕೊನೆಗೆ ಪತ್ರಿಕೆಯನ್ನು ಮಡಚಿದನು.

“ದೂರದ ಸಮುದ್ರದಲ್ಲಿ ಹಡಗೊಂದು ಮುಳುಗಿದೆ. ಇಂದಿನ ಎಲೆ ಮಡಿದ ನಾವಿಕರ ಹೆಸರಿನಲ್ಲಿ.”

“ಆಗಲಿ. ಕೆಳಗೆ ಮೂಲೆಯಲ್ಲಿ ನಿನ್ನ ಕಣ್ಣು ತಡೆಯಿತು; ಅಲ್ಲಿ ಒಂದು ಸುದ್ದಿಯನ್ನು ನೀನು ಬಿಟ್ಟೆ,” ಎಂದರು ಅಮ್ಮನವರು.

“ಅದು ಇಲ್ಲಿ ಓದತಕ್ಕದ್ದಲ್ಲ, ಅಮ್ಮಾ. ನಮ್ಮ ಪೇಟೆಯದೇ ಒಂದು ಹೊಲಸು.”

“ಓದು.”

ಅವನು ಓದಿದನು.

“ಬುಧವಾರ ಬಸ್ ನಿಲ್ದಾಣದಲ್ಲಿ ಮಕ್ಕಳ ಕಳ್ಳಿಯೊಬ್ಬಳು ಸಾರ್ವಜನಿಕರ ಕೈಗೆ ಸಿಕ್ಕಿಬಿದ್ದಿದ್ದಾಳೆ. ಅಳುತ್ತಿದ್ದ ಹೆಣ್ಣುಮಗುವಿಗೆ ಆಕೆ ಬೆಲ್ಲ ತಿನ್ನಿಸುತ್ತಿದ್ದಳು. ಬೆಲ್ಲ ಕೊಟ್ಟು ಮಕ್ಕಳನ್ನು ಒಯ್ಯುವವರು ಬಂದಿದ್ದಾರೆಂದು ಮೊಬೈಲ್‌ಗಳಲ್ಲಿ ಮೊದಲೇ ಎಚ್ಚರಿಕೆ ಹರಿದಾಡಿತ್ತು. ಮಗು ಯಾರದೆಂದು ಜನರು ವಿಚಾರಿಸಿದಾಗ ಆಕೆ ‘ಕಳ್ಳ ಕುಡಿ’ ಎಂದು ತಾನೇ ಒಪ್ಪಿಕೊಂಡಳು. ಥಳಿಸಿ ಪೊಲೀಸರಿಗೆ ಒಪ್ಪಿಸಲಾಗಿದೆ. ಆರೋಪಿ ಅಪರಿಚಿತೆ. ಗುರುವಾರ ಬೆಳಗ್ಗೆ ಮಗುವನ್ನು ಜಿಲ್ಲಾ ಕೇಂದ್ರದ ಬಾಲಮಂದಿರಕ್ಕೆ ಕಳುಹಿಸಲಾಗುವುದು.”

ಅವನು ತಲೆಯೆತ್ತಿದನು.

“ತಾನೇ ಒಪ್ಪಿಕೊಂಡಿದ್ದಾಳೆ. ಇದರಲ್ಲಿ ತಿಳಿಯಬೇಕಾದದ್ದು ಏನಿದೆ?”

“ಅವಳು ಆಡಿದ ಮಾತನ್ನು ಇನ್ನೊಮ್ಮೆ ಓದು.”

“ಕಳ್ಳ ಕುಡಿ.”

“ಇದು ಪತ್ರಿಕೆಯವರು ಓದಿದ ಹಾಗಾಯಿತು. ನಿನ್ನ ತಾಯಿ ಓದಿದ ಹಾಗೆ ಓದು.”

“ನನ್ನ ತಾಯಿಗೆ ಓದಲು ಬರುತ್ತಿರಲಿಲ್ಲ.”

“ಮಾತಾಡಲು ಬರುತ್ತಿತ್ತಲ್ಲ.”

 

ಪ್ರಸನ್ನನ ತುಟಿಗಳು ಸದ್ದಿಲ್ಲದೆ ಒಮ್ಮೆ ಆಡಿದವು. ಆಮೇಲೆ ಅವನು ಅದನ್ನೇ ಮೆಲ್ಲಗೆ ಹೇಳಿದನು. ಬಿಟ್ಟುಬಂದ ಊರಿನ ರಾಗ ಆ ಮಾತಿನಲ್ಲಿತ್ತು.

ಅವನು ಪತ್ರಿಕೆಯನ್ನು ಕೆಳಗಿಟ್ಟನು.

“ಕಳ್ಳು,” ಎಂದನು. “ನಮ್ಮ ಕಡೆ ಕಳ್ಳು ಅಂದರೆ ಕರುಳು. ಕಳ್ಳ ಕುಡಿ ಅಂದರೆ ಕರುಳ ಕುಡಿ. ಅಮ್ಮಾ, ಅವಳು ಒಪ್ಪಿಕೊಂಡದ್ದು ಕಳವನ್ನಲ್ಲ. ನಾನು ಹೆತ್ತ ಮಗು ಎಂದಿದ್ದಾಳೆ.”

“ಹಾಗೋ?”

“ಅದಕ್ಕೇ ಅವಳನ್ನು ಹೊಡೆದಿದ್ದಾರೆ.”

“ಮಗುವನ್ನು ಬೆಳಗ್ಗೆ ಕಳುಹಿಸುತ್ತಾರೆಂದು ನೀನೇ ಓದಿದೆ,” ಎಂದು ಅಮ್ಮನವರು ಊರುಗೋಲನ್ನು ತೆಗೆದುಕೊಂಡರು. “ಬೆಳಗಾಗಿ ಹೊತ್ತಾಯಿತು. ಕೆಂಪಣ್ಣ, ಇನ್ನೊಂದು ಎಲೆ ಹಾಕು.”

“ಯಾರ ಹೆಸರಿನಲ್ಲಿ, ಅಮ್ಮಾ?”

“ಹೆಸರನ್ನು ತರಲಿಕ್ಕೇ ಹೋಗುತ್ತಿದ್ದೇವೆ.”

ಸೇತುವೆಯ ಮೇಲೆ ಪ್ರಸನ್ನನಿಗೆ ತಾಳ್ಮೆ ಉಳಿಯಲಿಲ್ಲ.

“ನಾನು ಮುಂದೆ ಓಡಲೇ, ಅಮ್ಮಾ?”

“ಓಡು. ಓಡುತ್ತ ಭಾಷಣ ಸಿದ್ಧಮಾಡಬೇಡ.”

ಅವನು ಓಡಿದನು. ಠಾಣೆಯ ಗೇಟಿನಲ್ಲಿ ಜೀಪು ಆಗಲೇ ಹೊರಟಿತ್ತು. ಹಿಂದಿನ ಸೀಟಿನಲ್ಲಿ ಮಹಿಳಾ ಪೇದೆಯೊಬ್ಬಳ ತೊಡೆಯ ಮೇಲೆ ಮಗು. ಅತ್ತು ಅತ್ತು ಅದರ ದನಿ ಹೋಗಿತ್ತು.

ಪ್ರಸನ್ನನು ಎರಡೂ ಕೈ ಚಾಚಿ ಜೀಪಿನ ಮುಂದೆ ನಿಂತನು.

ಚಾಲಕನು ತಲೆ ಹೊರಹಾಕಿದನು. “ಸ್ವಾಮಿ, ಸಾಯೋಕೆ ಬೇರೆ ಗಾಡಿ ಸಿಗಲಿಲ್ವಾ?”

ಸಬ್ ಇನ್‌ಸ್ಪೆಕ್ಟರ್ ಜಬೀನಾ ತಾಜ್ ಮುಂದಿನ ಸೀಟಿನಿಂದ ಇಳಿದರು. “ಯಾರ್ರೀ ನೀವು? ಏನಾಗಬೇಕು?”

“ಆ ಶಿಶುವು ಆ ಮಹಿಳೆಯದೇ ಆಗಿದೆ. ದೋಷವು ಶಬ್ದಾರ್ಥದಲ್ಲಿ ಸಂಭವಿಸಿದೆ.”

“ಎಲ್ಲಿ ಸಂಭವಿಸಿದೆ?”

ಅವನು ಮತ್ತೆ ಹೇಳಿದನು. ಇನ್ನೂ ದೊಡ್ಡ ಪದಗಳು ಬಂದವು. ಚಾಲಕನು ಹಾರನ್ ಒತ್ತಿದನು.

ಅಷ್ಟರಲ್ಲಿ ಅಮ್ಮನವರು ಬಂದರು.

“ಪುಸ್ತಕ ಮುಚ್ಚು,” ಎಂದರು ಶಿಷ್ಯನಿಗೆ. ಅನಂತರ ಜಬೀನಾ ಅವರಿಗೆ, “ಈತನು ಆ ತಾಯಿಯೊಡನೆ ಮಾತಾಡಬೇಕು. ಅಲ್ಲಿಯವರೆಗೆ ಜೀಪು ನಿಲ್ಲಲಿ,” ಎಂದರು.

“ಅಮ್ಮನವರೆ, ನೆನ್ನೆಯಿಂದ ಅವಳು ಬಾಯೇ ಬಿಟ್ಟಿಲ್ಲ. ಹೆಸರು ಕೇಳಿದರೂ ಗೋಡೆ ನೋಡ್ತಾಳೆ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಎದುರು ಒಪ್ಪಿಕೊಂಡಿದ್ದಾಳಂತೆ.”

“ಅಂತೆ,” ಎಂದರು ಅಮ್ಮನವರು.

ಆ ಒಂದು ಮಾತು ಜಬೀನಾ ಅವರಿಗೆ ನಾಟಿತು. ಅವರು ಚಾಲಕನಿಗೆ ಎಂಜಿನ್ ಆರಿಸುವಂತೆ ಸನ್ನೆಮಾಡಿದರು.

ಒಳಗೆ ಆ ಹೆಂಗಸು ಗೋಡೆಗೆ ಮುಖಮಾಡಿ ಕುಳಿತಿದ್ದಳು. ತುಟಿ ಒಡೆದು ಊದಿತ್ತು. ಹರಿದ ಸೆರಗನ್ನು ಬಿಗಿಯಾಗಿ ಹಿಡಿದಿದ್ದಳು.

“ತಾಯೀ, ತಮ್ಮ ನಾಮಧೇಯ...” ಎಂದು ಪ್ರಸನ್ನನು ತೊಡಗಿದನು.

ಅವಳು ಕದಲಲಿಲ್ಲ.

ಅವನು ನಿಲ್ಲಿಸಿದನು. ನೆಲದ ಮೇಲೆ ಕುಳಿತನು. ಗಂಟಲು ಸರಿಮಾಡಿಕೊಂಡನು.

“ಯಕ್ಕಾ, ಯಾವೂರಬೇ ನಿಂದು?”

ಅವಳು ಸರ್ರನೆ ತಿರುಗಿದಳು.

“ನೀ ನಮ್ಮ ಕಡೆಯಾವೇನಪಾ?”

“ಹೌದಬೇ. ನಾ ಫಕೀರಪ್ಪ.”

ಅವಳು ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಮಾತು ಕಟ್ಟೆಯೊಡೆಯಿತು.

“ನನ್ನ ಕಳ್ಳ ಕುಡಿ ಐತ್ರೋ ಯಪ್ಪಾ ಅಂದೆ. ಹೊಡದ್ರು. ತಿಳಿಲಿಲ್ಲೇನೋ ಅಂತ ಮತ್ತ ಅಂದೆ. ಮತ್ತ ಹೊಡದ್ರು. ಅಂದಷ್ಟೂ ಹೊಡದ್ರಪಾ. ಆಮ್ಯಾಲ ಬಾಯಿ ಮುಚಗೊಂಡೆ. ನನ್ನ ಕೂಸ ಎಲ್ಲೈತಿ?”

“ಏನಂದಳು?” ಎಂದು ಜಬೀನಾ ಕೇಳಿದರು.

ಪ್ರಸನ್ನನು ಹೇಳಿದನು. ಈ ಸಲ ಸಣ್ಣ ಮಾತಿನಲ್ಲಿ ಹೇಳಿದನು.

ಜಬೀನಾ ತಲೆಯ ಮೇಲಿನ ಟೋಪಿಯನ್ನು ತೆಗೆದು ಮೇಜಿನ ಮೇಲಿಟ್ಟರು.

“ನಂಬುತ್ತೇನೆ,” ಎಂದರು. “ಆದರೆ ನಂಬಿಕೆಯ ಮೇಲೆ ನಾನು ಮಗುವನ್ನು ಕೊಡುವ ಹಾಗಿಲ್ಲ. ಆಧಾರ ಬೇಕು.”

“ಸರಿಯಾದ ಮಾತು,” ಎಂದರು ಅಮ್ಮನವರು. “ಆಧಾರವನ್ನು ಅವಳನ್ನೇ ಕೇಳಿ. ಇನ್ನೂ ಯಾರೂ ಕೇಳಿಲ್ಲ.”

ಕೇಳಿದರು. ಅವಳು ಹೇಳಿದಳು. ಅವಳ ಹೆಸರು ದ್ಯಾಮವ್ವ. ಗಂಡನು ಹೊಳೆಯ ಮೇಲ್ಗಡೆ ಕಾಲುವೆಗೆ ಕಲ್ಲು ಕಟ್ಟುವ ಕೆಲಸದಲ್ಲಿದ್ದನು. ಮಗುವಿನೊಡನೆ ಅವನಲ್ಲಿಗೆ ಹೊರಟಿದ್ದಳು. ಇಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಅವಳ ಫೋನು ಹೊಡೆತಕ್ಕೆ ಸಿಕ್ಕಿ ಚೂರಾಗಿತ್ತು. ಆದರೆ ಅಣ್ಣನ ನಂಬರು ಬಾಯಿಪಾಠವಿತ್ತು.

ಜಬೀನಾ ಆ ನಂಬರಿಗೆ ಕರೆಮಾಡಿದರು. ಆ ಊರಿನ ಠಾಣೆಗೂ ಕರೆಮಾಡಿದರು. ಹೌದು, ನಮ್ಮೂರಿನವಳೇ, ಎಂದು ಅಲ್ಲಿಂದ ಹೇಳಿದರು. ಅಣ್ಣನು ಮೊಬೈಲಿಗೆ ಒಂದು ಚಿತ್ರವನ್ನು ಕಳುಹಿಸಿದನು. ತೊಟ್ಟಿಲು, ಸುತ್ತ ನೆಂಟರು, ನಡುವೆ ದ್ಯಾಮವ್ವ. ಅವಳ ಮಡಿಲಲ್ಲಿ ಇದೇ ಮಗು. ಆಗಿನ್ನೂ ಎಳೆಗೂಸು; ಹುಬ್ಬಿನ ಮೇಲೆ ಅದೇ ಮಚ್ಚೆ.

ಬೆಲ್ಲದ ಸುಳ್ಳು ಊರಿಗೆ ಬಂದದ್ದೂ ಇಂಥದೇ ಪರದೆಯ ಮೇಲೆ.

“ಮಗುವನ್ನು ಕರೆದುಕೊಂಡು ಬಾ,” ಎಂದು ಜಬೀನಾ ಕೂಗಿದರು.

ಕರೆತರುವ ಅಗತ್ಯ ಬೀಳಲಿಲ್ಲ. ತಾಯಿಯ ದನಿ ಅಂಗಳಕ್ಕೆ ಕೇಳಿಸಿತ್ತು. ಮಗು ಪೇದೆಯ ಕೈ ಬಿಡಿಸಿಕೊಂಡು, ಹೊಸ್ತಿಲಲ್ಲಿ ಎಡವಿ, ಎದ್ದು, ಓಡಿಬಂದಿತು.

“ಯವ್ವಾ!”

ದ್ಯಾಮವ್ವ ಅದನ್ನು ಎದೆಗೆ ಅವಚಿಕೊಂಡಳು. ಆಮೇಲೆ ಸೆರಗಿನ ಗಂಟನ್ನು ಬಿಚ್ಚಿದಳು. ಅದರಲ್ಲಿ ನೆನ್ನೆಯ ಬೆಲ್ಲದ ತುಂಡು ಇನ್ನೂ ಇತ್ತು. ಒಡೆದ ತುಟಿಯಲ್ಲೇ ಅದನ್ನು ಕಚ್ಚಿ ಸಣ್ಣದು ಮಾಡಿ ಮಗುವಿನ ಬಾಯಿಗಿಟ್ಟಳು.

ಮಗು ಚೀಪತೊಡಗಿತು. ಅಂಗಳದಲ್ಲಿದ್ದವರೆಲ್ಲ ಬಾಗಿಲಿನಿಂದ ಅದನ್ನು ನೋಡಿದರು.

ಗೇಟಿನ ಬಳಿ ಜನ ಸೇರಿದ್ದರು. ನೆನ್ನೆ ಕೈಯೆತ್ತಿದವರೂ ಅಲ್ಲಿದ್ದರು.

“ಹೊಡೆದವರ ಲೆಕ್ಕ ನನ್ನ ಹತ್ತಿರ ಇದೆ,” ಎಂದು ಜಬೀನಾ ಗಟ್ಟಿಯಾಗಿ ಹೇಳಿದರು. “ಅದು ಸಂಜೆಗೆ. ಈಗ ದಾರಿ ಬಿಡಿ.”

ಜನ ದಾರಿ ಬಿಟ್ಟರು. ದ್ಯಾಮವ್ವ ತಲೆಯೆತ್ತಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಅವರ ನಡುವೆ ನಡೆದಳು. ಯಾರೋ ಒಬ್ಬ ಮುದುಕಿ ಮುಂದೆ ಬಂದು ಮಗುವಿನ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಸುದ್ದಿ ಬರೆದ ವರದಿಗಾರ ವೃಷಭೇಂದ್ರನು ಬೈಕಿಗೆ ಒರಗಿ ನಿಂತಿದ್ದನು. ಅವನ ಮುಖ ಬಾಡಿತ್ತು.

“ನಾನು ಸುಳ್ಳು ಬರೆಯಲಿಲ್ಲ, ಅಮ್ಮನವರೆ. ಆ ಮಾತನ್ನು ನಾನೇ ಕೇಳಿದೆ.”

“ಕಿವಿಯಿಂದ ಕೇಳಿದಿರಿ,” ಎಂದರು ಅಮ್ಮನವರು. “ಬಾಯಿಂದ ಕೇಳಲಿಲ್ಲ.”

ಅವನು ತಲೆತಗ್ಗಿಸಿದನು.

“ಊಟಕ್ಕೆ ಬನ್ನಿ,” ಎಂದು ಅವರು ಮುಂದೆ ನಡೆದರು.

ಸೇತುವೆಯ ಮೇಲೆ ಮಗು ಪ್ರಸನ್ನನ ಹೆಗಲೇರಿತ್ತು. ಅವನ ಕಿವಿಯನ್ನು ಹಿಡಿದು ಎಳೆಯುತ್ತಿತ್ತು.

“ಅಮ್ಮಾ,” ಎಂದನು, “ಆ ಮಾತಿನ ಅರ್ಥ ನಿಮಗೆ ಮೊದಲೇ ತಿಳಿದಿತ್ತು. ಹೇಗೆ?”

“ನಿನ್ನನ್ನು ಇಲ್ಲಿ ಬಿಟ್ಟುಹೋದ ದಿನ ನಿನ್ನ ತಾಯಿ ನನ್ನ ಕೈಹಿಡಿದು ಹೇಳಿದಳು. ‘ನನ್ನ ಕಳ್ಳ ಕುಡಿ ಐತ್ರಿ, ಜ್ವಾಪಾನ.’ ನಾನೂ ಬೆಚ್ಚಿದೆ.”

“ಆಮೇಲೆ?”

“ಹಾಗೆಂದರೆ ಏನಮ್ಮಾ ಎಂದು ಕೇಳಿದೆ.”

 ಪ್ರಸನ್ನನ ಕಣ್ಣುಗಳು ತುಂಬಿದ್ದವು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಮಗು ತನ್ನ ಬೆಲ್ಲದ ಕೈಯಿಂದ ಅವನ ಕೆನ್ನೆಯನ್ನು ಸವರಿತು.

ಕೆಂಪಣ್ಣನು ಆಶ್ರಮದ ಬಾಗಿಲಲ್ಲಿ ಕಾಯುತ್ತಿದ್ದನು. ಬರುವವರನ್ನು ಕಂಡು ಸೌಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡನು.

“ಅಮ್ಮಾ, ಒಂದು ಎಲೆ ಎಂದಿರಿ. ಇದು ಮದುವೆಯ ದಿಬ್ಬಣ.”

“ಹಾಕುತ್ತಾ ಹೋಗು.”

ಹಾಕಿದನು. ದ್ಯಾಮವ್ವ ಮಗುವಿನೊಡನೆ ಕುಳಿತಳು. ಹೊಳೆಯ ಮೇಲ್ಗಡೆಯಿಂದ ಗಂಡನು ಹೊರಟಿದ್ದಾನೆಂದು ಫೋನು ಬಂದಿತ್ತು. ಜಬೀನಾ ಪಕ್ಕದಲ್ಲಿ ಕುಳಿತರು. ವೃಷಭೇಂದ್ರನು ಕಂಬದ ಮರೆಯಲ್ಲಿ ನಿಂತಿದ್ದನು. ಅಮ್ಮನವರು ಅವನನ್ನು ಕರೆದು ನಾವಿಕರ ಎಲೆಗೆ ಕೂರಿಸಿದರು.

ಬಡಿಸಿದರು. ಮಗು ಮೊದಲು ಪಾಯಸಕ್ಕೆ ಕೈಹಾಕಿತು. ಎಲ್ಲರೂ ನಕ್ಕರು. ದ್ಯಾಮವ್ವಳೂ ನಕ್ಕಳು. ತುಟಿ ನೊಂದು ಕೈ ಅಡ್ಡ ಹಿಡಿದಳು. ಆದರೂ ನಕ್ಕಳು.

“ನಾಳೆ ಯಾವ ಗ್ರಂಥ, ಪ್ರಸನ್ನಣ್ಣ?” ಎಂದು ಕೆಂಪಣ್ಣನು ಸಾರು ಬಡಿಸುತ್ತ ಕೇಳಿದನು.

“ನಾಳೆ ಪೇಪರ್ ಓದತೇನೋ ಮಾರಾಯಾ. ಮೂಲ್ಯಾಗಿಂದ ಸುರು ಮಾಡತೇನಿ.”

ಆ ಮಾತಿಗೆ ಯಾರೂ ನಗಲಿಲ್ಲ. ಕೆಂಪಣ್ಣನು ಅವನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿದನು.

ಊಟ ಮುಗಿಯಿತು. ವೃಷಭೇಂದ್ರನು ಕೈ ಒರೆಸಿಕೊಂಡು ಪೆನ್ನು ತೆಗೆದನು.

“ಅಮ್ಮನವರೆ, ನೆನ್ನೆ ಬರೆದದ್ದು ತಪ್ಪು ಎಂದು ನಾಳೆ ಬರೆಯುತ್ತೇನೆ. ಮೂಲೆಯಲ್ಲಲ್ಲ, ಮೊದಲ ಪುಟದಲ್ಲಿ. ಓದುಗರಿಗೆ ನಿಮ್ಮದೊಂದು ಸಂದೇಶ ಬೇಕು.”

“ಸಂದೇಶವಿಲ್ಲ. ನೀವು ಅಪರಿಚಿತೆ ಎಂದು ಬರೆದಿದ್ದಿರಿ. ಇಂದು ಈ ಪಂಕ್ತಿಯಲ್ಲಿ ಇದ್ದವರ ಹೆಸರನ್ನು ಬರೆದುಕೊಳ್ಳಿ. ಯಾವುದಾದರೂ ಮಾತು ತಿಳಿಯದಿದ್ದರೆ ಕೇಳಿ.”

ಅವನು ಬರೆಯಲು ಬಗ್ಗಿದನು. ಅಮ್ಮನವರು ಒಂದೊಂದೇ ಎಲೆಯನ್ನು ನೋಡುತ್ತ ನಿಧಾನವಾಗಿ ಹೇಳಿದರು.

“ದ್ಯಾಮವ್ವ. ಅವಳ ಕಳ್ಳ ಕುಡಿ ಶಿವಲೀಲಾ. ಜಬೀನಾ ತಾಜ್. ಕೆಂಪಣ್ಣ. ವೃಷಭೇಂದ್ರ. ಚೆನ್ನಾಜಮ್ಮ ಎಂಬ ನಾನು. ಫಕೀರಪ್ಪ.”