ಹನ್ನೆರಡು ವರ್ಷದ ಹಿಂದಿನ ಮುದ್ರೆ

ಸಾಕಮ್ಮನ ದಿನಸಿ ಅಂಗಡಿಯ ಒಂದು ಕಿಲೋ ತೂಕದ ಬಟ್ಟಿಗೆ ಎಲ್ಲಿಲ್ಲದ ಜಂಬ. ಹನ್ನೆರಡು ವರ್ಷದ ಹಿಂದೆ ತೂಕದ ಇಲಾಖೆಯವರು ಪರೀಕ್ಷಿಸಿ ಅದರ ನೆತ್ತಿಗೆ ಮುದ್ರೆ ಒತ್ತಿದ್ದರು. ಅದನ್ನೇ ಅದು ‘ನನ್ನ ಡಿಗ್ರಿ’ ಎನ್ನುತ್ತಿತ್ತು. ಮರುಪರೀಕ್ಷೆಗೆ ಕರೆ ಬಂದಾಗಲೆಲ್ಲ ಅಕ್ಕಿಮೂಟೆಯ ಸಂದಿಗೆ ಉರುಳಿ ಅವಿತುಕೊಳ್ಳುತ್ತಿತ್ತು.

ಈ ಸಲವೂ ಹಾಗೇ ಮಾಡಿತು. ಮರುಪರೀಕ್ಷೆಗೆ ಹೋಗಿ, ಸವೆದಷ್ಟು ಸೀಸ ತುಂಬಿಸಿಕೊಂಡು ಬಂದ ಎರಡು ಅರ್ಧ ಕಿಲೋ ಬಟ್ಟುಗಳನ್ನು ಕಂಡು ನಕ್ಕಿತು. "ಪಾಸಾದ ಮೇಲೂ ಪಾಠಶಾಲೆಯೇ? ನಾನು ಒಮ್ಮೆ ಕಲಿತೆ, ಮುಗಿಯಿತು."

"ಹಾಗಾದರೆ ತಕ್ಕಡಿ ಏರಿ, ಅಣ್ಣಾ" ಎಂದವು ಅವು.

ಅವೆರಡೂ ಒಂದು ತಟ್ಟೆಯಲ್ಲಿ ಕೂತವು, ಇದು ಇನ್ನೊಂದರಲ್ಲಿ. ಕೂತದ್ದೇ ತಡ, ಇದರ ತಟ್ಟೆ ಸರ್ರನೆ ಮೇಲಕ್ಕೆದ್ದಿತು.

"ಮೋಸ! ಇವು ಕೊಬ್ಬಿವೆ!"

"ಅವು ಕೊಬ್ಬಿಲ್ಲ, ನೀನು ಸವೆದಿದ್ದೀಯೆ" ಎಂದಿತು ತಕ್ಕಡಿ. "ದಿನಕ್ಕೆ ನೂರು ಸಲ ಎತ್ತಿ ಕುಕ್ಕಿದರೆ ಕಬ್ಬಿಣವೂ ಸವೆಯುತ್ತದೆ. ನಿನ್ನಲ್ಲಿ ಸವೆಯದೆ ಉಳಿದದ್ದು ಆ ಮುದ್ರೆ ಒಂದೇ."

ಬಟ್ಟಿಗೆ ಸಿಡಿಲು ಬಡಿದಂತಾಯಿತು. ದಿನಾ ಅಕ್ಕಿ ಸಾಲದೆಂದು ಗೊಣಗುವ ಗಿರಾಕಿ ದ್ಯಾವಮ್ಮನನ್ನು ಅದು ದುರಾಸೆಯವಳೆಂದು ಹಂಗಿಸುತ್ತಿತ್ತಲ್ಲ! "ಅಯ್ಯೋ, ಇಷ್ಟು ವರ್ಷ ಕದ್ದವನು ನಾನೇ?"

ಅಷ್ಟರಲ್ಲಿ ಸಾಕಮ್ಮ ಅಂಗಡಿ ಬಾಗಿಲು ತೆಗೆದಳು. ಮೊದಲು ಬಂದವಳು ದ್ಯಾವಮ್ಮನೇ.

"ಒಂದು ಕಿಲೋ ಅಕ್ಕಿ. ಸರಿಯಾಗಿ ತೂಗು ಸಾಕಮ್ಮಾ, ಇವತ್ತಾದರೂ ಚಿಕ್ಕವನ ತಟ್ಟೆಗೂ ಅನ್ನ ಬೀಳಲಿ."

ಸಾಕಮ್ಮ ಆ ಬಟ್ಟನ್ನೇ ಎತ್ತಿ, ಅದರ ನೆತ್ತಿಯನ್ನು ಅವಳತ್ತ ತಿರುಗಿಸಿ ತೋರಿಸಿದಳು.

"ಮುದ್ರೆ ಬಿದ್ದಿರೋ ಬಟ್ಟು ಕಣೇ. ಇದು ಸುಳ್ಳು ಹೇಳುತ್ತಾ?"