ಜಾಲಿಕೆರೆಯ ಮರುನೋಟ

ಹೊಳೆಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಅಲ್ಲಿನ ಗುರು ನಿರ್ವಾಣಯ್ಯನವರು ಮಂತ್ರ ಹೇಳಿಕೊಟ್ಟದ್ದು ಕಡಿಮೆ, ಲೆಕ್ಕ ನೋಡುವುದನ್ನು ಹೇಳಿಕೊಟ್ಟದ್ದೇ ಹೆಚ್ಚು. ಅವರ ಶಿಷ್ಯರು ಸುತ್ತಲಿನ ಊರುಗಳಿಗೆ ಹೋಗಿ, ಕಣಜದಲ್ಲಿ ಕಾಳು ಎಷ್ಟಿದೆ, ಕೆರೆಯ ದುರಸ್ತಿ ನಿಜಕ್ಕೂ ಆಗಿದೆಯೇ ಎಂದು ನೋಡಿ ಬರೆದು, ಕೆಳಗೆ ತಮ್ಮ ಮುದ್ರೆ ಒತ್ತುತ್ತಿದ್ದರು. ಮುದ್ರೆ ಬಿದ್ದರೆ ಊರವರು ನೆಮ್ಮದಿಯಿಂದ ಮಲಗುತ್ತಿದ್ದರು.

ಸರಿ, ಲೆಕ್ಕ ನೋಡುವವರನ್ನು ನೋಡುವವರು ಯಾರು? ಅದಕ್ಕೂ ಗುರುಗಳು ಒಂದು ಪದ್ಧತಿ ಮಾಡಿದ್ದರು. ವರ್ಷಕ್ಕೊಮ್ಮೆ ಒಬ್ಬ ಶಿಷ್ಯನ ಪುಸ್ತಕವನ್ನು ಇನ್ನೊಬ್ಬ ಶಿಷ್ಯ ಓದಬೇಕು. ಊರಿನ ತಪ್ಪು ಹುಡುಕುವುದಕ್ಕಲ್ಲ, ಊರನ್ನು ನೋಡಿದವನು ಸರಿಯಾಗಿ ನೋಡಿದನೇ ಎಂದು ತಿಳಿಯುವುದಕ್ಕೆ. ಅದಕ್ಕೆ ಮರುನೋಟ ಎಂದು ಹೆಸರು.

ಆ ವರ್ಷ ಈರಭದ್ರನ ಪುಸ್ತಕ ಸೋಮಲಿಂಗನ ಪಾಲಿಗೆ ಬಂತು. ಇಬ್ಬರೂ ಒಂದೇ ದಿನ ಆಶ್ರಮಕ್ಕೆ ಬಂದವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಈರಭದ್ರನ ಪುಸ್ತಕ ಅಂದರೆ ಅರ್ಧ ದಿನದ ಕೆಲಸ ಎಂದುಕೊಂಡ ಸೋಮಲಿಂಗ.

ಮೂರನೆಯ ದಿನವೂ ಅವನು ಒಂದೇ ಪುಟದ ಮುಂದೆ ಕೂತಿದ್ದ.

ಪುಟದಲ್ಲಿ ಹೀಗಿತ್ತು: 'ಮಾಘ ಶುದ್ಧ ಪಂಚಮಿ. ಜಾಲಿಕೆರೆಯ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು, ಹೊಸದಾಗಿ ಹಾಸಿದ ಕಲ್ಲನ್ನು ಕಣ್ಣಾರೆ ಕಂಡೆ. ಕೆಲಸ ಸರಿಯಾಗಿದೆ.'

ನಾಲ್ಕು ಹಾಳೆ ಆಚೆ, ಅದೇ ಪಂಚಮಿಯಂದು, ಬೆಳಗಿನಿಂದ ಸಂಜೆಯವರೆಗೆ ಈರಭದ್ರ ಮುತ್ತುಗದೂರಿನ ಕಣಜದಲ್ಲಿ ಕಾಳು ಅಳೆಸುತ್ತಿದ್ದ. ಎರಡೂ ಊರಿನ ನಡುವೆ ಒಂದು ದಿನದ ದಾರಿ.

ಕಣಜದ ಪುಟದಲ್ಲಿ ಅಳತೆಗಳಿದ್ದವು, ಅಳೆದವರ ಹೆಸರೂ ಇತ್ತು. ಕೆರೆಯ ಪುಟದಲ್ಲಿ ಆ ಎರಡು ಮಾತು ಬಿಟ್ಟರೆ ಏನೂ ಇಲ್ಲ. ಈರಭದ್ರ ಜಾಲಿಕೆರೆಗೆ ಹೋಗೇ ಇರಲಿಲ್ಲ.

ಸೋಮಲಿಂಗನಿಗೆ ಅನ್ನ ಸೇರಲಿಲ್ಲ. ಸುಳ್ಳು ಬರೆದವನ ಮುದ್ರೆಯನ್ನು ಗುರುಗಳು ಕಿತ್ತುಕೊಳ್ಳುತ್ತಾರೆ ಎಂದು ಶಿಷ್ಯರೆಲ್ಲ ನಂಬಿದ್ದರು. ಹಾಗೆ ಕಿತ್ತುಕೊಂಡದ್ದನ್ನು ಕಂಡವರು ಮಾತ್ರ ಯಾರೂ ಇರಲಿಲ್ಲ. ಆದರೂ ಭಯ ಭಯವೇ. ಮುದ್ರೆ ಹೋದರೆ ಈರಭದ್ರ ಯಾವ ಊರಿನಲ್ಲಿ ಮುಖ ತೋರಿಸಿಯಾನು?

ಕೊನೆಗೆ ಒಂದೇ ಸಾಲು ಬರೆದ: 'ಪೂರ್ತಿ ಓದಿದೆ. ದೋಷವಿಲ್ಲ.'

ಗುರುಗಳು ಹೊಳೆಯ ಮೆಟ್ಟಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಓದಿ ಹಾಳೆಯನ್ನು ಪಕ್ಕಕ್ಕಿಟ್ಟರು.

"ಜಾಲಿಕೆರೆ ಏರಿ ಗಟ್ಟಿಯಾಗಿದೆ ಅನ್ನು."

"ಈರಭದ್ರ ಹಾಗೇ ಬರೆದಿದ್ದಾನೆ ಗುರುಗಳೇ."

"ಒಳ್ಳೇದಾಯ್ತು. ಏರಿ ಕೆಳಗೆ ನಮಗೊಂದು ತುಂಡು ಜಾಗ ಕೊಡ್ತೀವಿ ಅಂತ ಊರವರು ಹೇಳ್ತಿದ್ದಾರೆ. ನಿನ್ನ ತಾಯಿಗೆ ಅಲ್ಲೇ ಒಂದು ಗುಡಿಸಲು ಹಾಕಿಸೋಣ. ಮಳೆ ಹಿಡಿಯೋಕೆ ಮುಂಚೆ."

"ಮಳೆಗಾಲ ಕಳೀಲಿ ಗುರುಗಳೇ."

"ಯಾಕೆ?"

"ಸುಮ್ಮನೆ."

"ಅಲ್ಲಿ ಈಗಾಗಲೇ ನಲವತ್ತು ಮನೆ ಇವೆಯಪ್ಪ. ಮಳೆಗಾಲ ಕಳೆದ ಮೇಲೆ ಬನ್ನಿ ಅಂತ ಅವರಿಗೂ ಹೇಳಿ ಕಳಿಸೋಣವಾ?"

ಸೋಮಲಿಂಗ ಗುರುಗಳ ಪಕ್ಕದ ಮೆಟ್ಟಿಲ ಮೇಲೆ ಕೂತ. ಕಂಡದ್ದನ್ನೆಲ್ಲ ಹೇಳಿಬಿಟ್ಟ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು.

"ಅವನು ನನ್ನ ಗೆಳೆಯ ಗುರುಗಳೇ. ನಾಳೆ ನನ್ನ ಪುಸ್ತಕ ಅವನ ಕೈಗೆ ಹೋದರೆ ಅವನೂ ನನ್ನ ಕೈ ಬಿಡಲ್ಲ."

"ನೀ ನನಗಿದ್ದರೆ ನಾ ನಿನಗೆ. ನಿಮ್ಮಿಬ್ಬರಿಗೆ ಸರಿಹೋಯ್ತು. ಆ ನಲವತ್ತು ಮನೆಗೆ ಯಾರಿದ್ದಾರೆ?"

ಗುರುಗಳು ಪಕ್ಕದಲ್ಲಿದ್ದ ಹಾಳೆಯನ್ನು ಅವನ ಮುಂದೆ ಸರಿಸಿದರು.

"ಅವನು ಕಾಣದೇ ಬರೆದ, ನೀನು ಕಂಡೂ ಬರೆದೆ. ಯಾರ ಸಾಲು ದೊಡ್ಡ ಸುಳ್ಳು?"

ಸೋಮಲಿಂಗ ಹಾಳೆಯನ್ನು ತೆಗೆದುಕೊಂಡು ಹರಿದ. "ಈಗಲೇ ಇದ್ದದ್ದನ್ನ ಇದ್ದ ಹಾಗೆ ಬರೆದು ತರ್ತೀನಿ."

"ನಿಲ್ಲು. ಈರಭದ್ರನಿಗೆ ಹೇಳಿದೆಯಾ?"

"ಇಲ್ಲ."

"ಮೊದಲು ಅವನಿಗೆ ಹೇಳು. ಆಮೇಲೆ ಬರೆದು ನನಗೆ ಕೊಡು."

ಎರಡು ಪುಟಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದಾಗ ಈರಭದ್ರನ ಮುಖ ಬಿಳಿಚಿಕೊಂಡಿತು. ಬಯ್ಯುತ್ತಾನೆ ಎಂದು ಸೋಮಲಿಂಗ ಕಾದ. ಅವನು ಬಯ್ಯಲಿಲ್ಲ.

"ಕೆಲಸ ತಲೆ ಮೇಲೆ ಬಿದ್ದಿತ್ತು ಕಣೋ. ಜಾಲಿಕೆರೆ ಗೌಡರು ದೊಡ್ಡ ಮನುಷ್ಯರು, ಏರಿ ಕೆಲಸ ಮುಗೀತು ಅಂತ ಅವರು ಹೇಳಿದ ಮೇಲೆ ಇನ್ನೇನು ಅಂತ ಬರೆದುಬಿಟ್ಟೆ. ಅವತ್ತಿಂದ ಮೋಡ ಕಂಡರೆ ಎದೆ ಹೊಡ್ಕೊಳ್ಳುತ್ತೆ. ಯಾರಾದರೂ ಕೇಳಬಾರದಾ ಅನ್ನಿಸ್ತಿತ್ತು."

"ಈಗ ಕೇಳಿದೆನಲ್ಲ. ನಡಿ, ಹೋಗಿ ನೋಡೋಣ."

ಇಬ್ಬರೂ ಜಾಲಿಕೆರೆಯ ಏರಿಯನ್ನು ಈ ತುದಿಯಿಂದ ಆ ತುದಿಗೆ ನಡೆದರು. ಎರಡೂ ತುದಿಯಲ್ಲಿ ಹೊಸ ಕಲ್ಲು ಚೆನ್ನಾಗಿಯೇ ಕೂತಿತ್ತು. ನಟ್ಟನಡುವೆ ಮೂವತ್ತು ಹೆಜ್ಜೆಯಷ್ಟು ಜಾಗದಲ್ಲಿ ಬರೀ ಮಣ್ಣು, ಅದರ ಮೇಲೆ ಮುಳ್ಳುಕಂಪೆ ಹೊದಿಸಿದ್ದರು. ಕೇಳಿದರೆ, ಕಲ್ಲು ಸಾಲಲಿಲ್ಲ ಎಂದು ಗೌಡರು ತಲೆ ಕೆರೆದುಕೊಂಡರು.

ಊರು ಒಟ್ಟಾಯಿತು. ಗೌಡರ ಗಾಡಿಯೂ ಕಲ್ಲು ಹೊತ್ತಿತು. ಈರಭದ್ರ ಒಂಬತ್ತು ದಿನ ಅಲ್ಲೇ ನಿಂತು ಕಲ್ಲು ಹೊತ್ತ, ಅಂಗೈ ಬೊಬ್ಬೆ ಬಂದರೂ ಬಿಡಲಿಲ್ಲ. ಮೊದಲ ಮಳೆಯ ಹೊತ್ತಿಗೆ ಮಣ್ಣು ಕಾಣುವ ಜಾಗ ಒಂದೂ ಉಳಿದಿರಲಿಲ್ಲ.

ಆಮೇಲೆ ಇಬ್ಬರೂ ಗುರುಗಳ ಮುಂದೆ ಬಂದು ನಿಂತರು. ಸೋಮಲಿಂಗ ಈ ಸಲ ಎರಡು ಹಾಳೆ ತುಂಬ ಬರೆದಿದ್ದ. ಯಾವ ಮಾತನ್ನೂ ಬಿಟ್ಟಿರಲಿಲ್ಲ. ಈರಭದ್ರ ತನ್ನ ಮುದ್ರೆಯನ್ನು ಸೊಂಟದಿಂದ ಬಿಚ್ಚಿ ಗುರುಗಳ ಪಾದದ ಬಳಿ ಇಟ್ಟ.

ಗುರುಗಳು ನಿಧಾನವಾಗಿ ಓದಿದರು. ಹಾಳೆಗಳನ್ನು ಈರಭದ್ರನಿಗೆ ಕೊಟ್ಟರು.

"ಇದರಲ್ಲಿ ನಿನ್ನ ಮೇಲೆ ಬರೆದದ್ದು ನಿಜವಾ?"

"ಒಂದಕ್ಷರವೂ ಸುಳ್ಳಲ್ಲ ಗುರುಗಳೇ."

ಗುರುಗಳು ಮುದ್ರೆಯನ್ನು ಎತ್ತಿ, ಧೂಳು ಒರೆಸಿ, ಅವನ ಬೊಬ್ಬೆ ಬಂದ ಅಂಗೈಯಲ್ಲೇ ಇಟ್ಟರು. ಈರಭದ್ರ ಅತ್ತುಬಿಟ್ಟ. ಸೋಮಲಿಂಗನಿಗೂ ಎದೆಯ ಭಾರ ಇಳಿದಂತಾಯಿತು.

"ಬರೋ ವರ್ಷ ಸೋಮಲಿಂಗನ ಪುಸ್ತಕದ ಮರುನೋಟ ನಿಂದು," ಎಂದರು ಗುರುಗಳು.

ಸೋಮಲಿಂಗ ಬೆಚ್ಚಿದ. ಗೆಳೆತನ ಬೇರೆ, ಒಮ್ಮೆ ಸುಳ್ಳು ಬರೆದವನಿಗೆ ತನ್ನ ಪುಸ್ತಕ ಒಪ್ಪಿಸುವುದು ಬೇರೆ. "ನನ್ನ ಪುಸ್ತಕ ಇವನ ಕೈಗಾ ಗುರುಗಳೇ?"

"ಮತ್ತಿನ್ಯಾರಿಗೆ ಕೊಡಲಿ? ಹೋಗದೇ ಬರೆದ ಸಾಲು ಹೇಗಿರುತ್ತೆ ಅನ್ನೋದು ಈಗ ಅವನಿಗೆ ಗೊತ್ತಿರೋಷ್ಟು ನನಗೂ ಗೊತ್ತಿಲ್ಲ."